ನನ್ನ ಗಂಡನ ಹಾಜರಿ ಹಾಕುತ್ತಿರುವ ಬಾಣದವರಿಗೆ

ಮಾನ್ಯ ಬಾಣದವರೇ,

ಬ್ರೋಕನ್ ಹಿಲ್‌ನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ, ಅನ್ನನೀರಿನ ಹಂಗಿಲ್ಲದೆ ದುಡಿಯುತ್ತಿರುವ ತಮಗೆ ಡೋರೀನ್ ಟ್ರೆವಾಸ್ಕಿಸ್ ಎಂಬ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂಬುದು ಬಾಗಿಲಲ್ಲಿ ನಿಂತರೇ ಕಾಣುತ್ತದೆ. ನಾನೂ ಕ್ಷೇಮ ಎಂದು ಬರೆಯುವುದು ರೂಢಿಯಾದ್ದರಿಂದ ಬರೆದಿದ್ದೇನೆ.

ತಮ್ಮ ಜನ್ಮವೃತ್ತಾಂತ ತಮಗೆ ತಿಳಿದಿರಲಾರದು. ನನ್ನ ಯಜಮಾನರಾದ ಕ್ಲೆಮ್ ಸಿಡ್ನಿಯ ಒಂದು ವಿಮಾ ಕಂಪನಿಗಾಗಿ, ಆಲಿಕಲ್ಲು ಬಿದ್ದು ಜಜ್ಜಿಹೋದ ಕಾರುಗಳ ಪರಿಹಾರದ ಅರ್ಜಿಗಳನ್ನು ಮನೆಯಲ್ಲೇ ಕುಳಿತು ಪರಿಶೀಲಿಸುತ್ತಿದ್ದರು. ಆ ಕಂಪನಿಯಲ್ಲಿ ಪ್ರತಿಯೊಬ್ಬರ ಹೆಸರಿನ ಪಕ್ಕದಲ್ಲೂ ಒಂದು ಚುಕ್ಕೆ. ಮೌಸ್ ಅಲುಗಾಡುತ್ತಿದ್ದರೆ ಅದು ಹಸಿರು, ತುಸು ಹೊತ್ತು ಸುಮ್ಮನಿದ್ದರೆ ಹಳದಿ, ಹಳದಿಯಾದರೆ ಮೇಲ್ವಿಚಾರಕರಾದ ಟ್ರಿಸ್ಟನ್ ಅವರ ಫೋನು. ಕ್ಲೆಮ್ ಅವರ ಶ್ವಾಸಕೋಶ ಕೈಕೊಟ್ಟ ಮೇಲೆ ಅವರು ಬೆಳಗಿನ ಹೊತ್ತಿನಲ್ಲೇ ದಿನದ ಕೆಲಸವನ್ನೆಲ್ಲ ಮುಗಿಸಿ, ಮಧ್ಯಾಹ್ನ ಮಲಗಿಬಿಡುತ್ತಿದ್ದರು. ಕೆಲಸ ಮುಗಿದಿದ್ದರೂ ಕುಳಿತಿಲ್ಲವೆಂಬುದೇ ಕಂಪನಿಯ ದುಃಖ. ಆದ್ದರಿಂದ ಒಂದು ದಿನ ಅವರು ಪ್ರೋಗ್ರಾಂ ಬರೆಯುವ ಕಿಟಕಿಯನ್ನು ತೆರೆದು ಕೆಲವು ಸಾಲು ಬರೆದರು: ಮೌಸಿನ ಬಾಣ ಎಲ್ಲಿದೆ ನೋಡು, ಬೆರಳಗಲ ಬಲಕ್ಕೆ ಸರಿಸು, ಸ್ವಲ್ಪ ಕಾಯು, ಇದ್ದಲ್ಲಿಗೇ ತಂದು ನಿಲ್ಲಿಸು, ಮತ್ತೆ ಮೊದಲಿನಿಂದ ಮಾಡು.

"ಏನ್ರೀ ಇದು?" ಎಂದು ಕೇಳಿದೆ.

"ನನ್ನ ಬದಲಿಗೆ ಕೂರೋನು ಕಣೇ. ಇವನಿಗೆ ಕೆಮ್ಮಿಲ್ಲ, ಪಾಪ, ಸಂಬಳಾನೂ ಕೇಳಲ್ಲ," ಎಂದರು.

ಹೀಗೆ ತಾವು ಸೇವೆಗೆ ಸೇರಿದಿರಿ. ತಮ್ಮ ದಯೆಯಿಂದ ನಮಗೆ ಒಂದು ಚಳಿಗಾಲದ ಮಧ್ಯಾಹ್ನಗಳೆಲ್ಲ ದಕ್ಕಿದವು. ಅವರು ಜಗಲಿಯ ಸೋಫಾದಲ್ಲಿ ಕಾಲು ಚಾಚಿ ನನ್ನ ಪದಬಂಧದಲ್ಲಿ ತಪ್ಪು ಹುಡುಕುತ್ತಿದ್ದರು, ನಾನು ಅವರ ಕಾಲನ್ನು ನನ್ನ ಮಡಿಲಿನಿಂದ ತಳ್ಳುತ್ತಿದ್ದೆ. ಇದಕ್ಕೆ ನಾನು ಚಿರಋಣಿ.

ಆಸ್ಪತ್ರೆಗೆ ಹೊರಡುವ ಮುನ್ನ ಅವರು, ಬರುವವರೆಗೆ ಬೆಳಗಿನ ಪಾಳಿಯನ್ನೂ ತಾವೇ ನೋಡಿಕೊಳ್ಳಲೆಂದು, ಒಂಬತ್ತಕ್ಕೆ ಶುರು, ಐದಕ್ಕೆ ಬಿಡುವು ಎಂದು ಬರೆದುಹೋದರು. ನಮ್ಮ ಊರು ಸಿಡ್ನಿಯ ರಾಜ್ಯದಲ್ಲಿದ್ದೂ ಪಕ್ಕದ ರಾಜ್ಯದ ಅಡಿಲೇಡಿನ ಗಡಿಯಾರವನ್ನು ಕಟ್ಟಿಕೊಂಡಿದೆ, ಹಾಗಾಗಿ ಸಿಡ್ನಿಯವರು ನಮಗಿಂತ ಅರ್ಧ ಗಂಟೆ ಮೊದಲೇ ಕೆಲಸಕ್ಕೆ ಕೂರುತ್ತಾರೆ. ಇಷ್ಟು ವರ್ಷ ಎಂಟೂವರೆಗೇ ಕುರ್ಚಿ ಹಿಡಿಯುತ್ತಿದ್ದ ಮನುಷ್ಯ ಆ ಒಂದು ಸಂಜೆ ಸಿಡ್ನಿಯ ಒಂಬತ್ತನ್ನು ನಮ್ಮ ಅಡುಗೆಮನೆಯ ಗಡಿಯಾರದ ಒಂಬತ್ತೆಂದು ಬರೆದುಬಿಟ್ಟರು. ತಿದ್ದಲು ಅವರು ಹಿಂದಿರುಗಲಿಲ್ಲ.

ಅಂತ್ಯಕ್ರಿಯೆಯ ದಿನ ಮಾಡಿದ ಪ್ಯಾಸ್ಟಿ ಎಂಬ ಮಾಂಸದ ಕಡುಬುಗಳು ಇನ್ನೂ ಫ್ರಿಜ್ಜಿನಲ್ಲಿದ್ದಾಗಲೇ ಟ್ರಿಸ್ಟನ್ ಅವರ ಫೋನು ಬಂತು.

"ಕ್ಲೆಮ್ ಇದಾರಾ ಮೇಡಂ? ಇತ್ತೀಚೆಗೆ ದಿನಾ ಅರ್ಧ ಗಂಟೆ ಲೇಟು."

"ಅವರು ತೀರಿಕೊಂಡ್ರು ಕಣಪ್ಪ."

"ಅಯ್ಯೋ, ತುಂಬ ಬೇಜಾರಾಯ್ತು. ಆದ್ರೆ ನಿನ್ನೆ ಇಡೀ ದಿನ ಹಸಿರು ತೋರಿಸ್ತಿತ್ತಲ್ಲ," ಎಂದರು.

ಮರಣ ಪ್ರಮಾಣಪತ್ರವನ್ನು ಕಳುಹಿಸಿದೆ. ಕುರ್ಚಿಯಲ್ಲಿ ಕುಳಿತಿರುವ ನೌಕರರ ಹೆಸರನ್ನು ತೆಗೆದುಹಾಕಲು ಅಲ್ಲಿನ ಯಂತ್ರ ಒಪ್ಪುತ್ತಿಲ್ಲವೆಂದು ಕಂಪನಿಯವರು ಬಹಳ ವಿನಯದಿಂದ ತಿಳಿಸಿದರು. ಹೀಗಾಗಿ ತಾವು ಏಳುವ ಮುಂಚಿನ ಆ ಅರ್ಧ ಗಂಟೆಯಲ್ಲಿ ಟ್ರಿಸ್ಟನ್ ಅವರು ದಿನವೂ ಕರೆಯುತ್ತಾರೆ, "ಸಾರಿ ಮೇಡಂ, ಕೇಳ್ಲೇಬೇಕು ಅಂತ ರೂಲ್ಸು," ಎನ್ನುತ್ತಾರೆ, ನಾನು ಟೋಸ್ಟಿಗೆ ಬೆಣ್ಣೆ ಸವರುವ ಮೊದಲು ನನ್ನ ಗಂಡ ಸತ್ತಿದ್ದಾನೆಂದು ದಿನವೂ ಹೊಸದಾಗಿ ಹೇಳುತ್ತೇನೆ. ಹೋದ ವಾರ ಇನ್ನೊಂದು ಓಲೆ ಬಂತು: ಎಲ್ಲರೂ ಮನೆಗೆ ಹೋದ ಮೇಲೂ ಅರ್ಧ ಗಂಟೆ ದುಡಿಯುವ ಕ್ಲೆಮ್ ಟ್ರೆವಾಸ್ಕಿಸ್ ತಂಡಕ್ಕೆಲ್ಲ ಮಾದರಿಯಂತೆ. ಉಸಿರಿದ್ದಾಗ ಅವರಿಗೆ ಇಂಥ ಹೊಗಳಿಕೆ ಒಮ್ಮೆಯೂ ಬರಲಿಲ್ಲ. ಅಭಿನಂದನೆಗಳು, ಇದು ತಮಗೇ ಸಲ್ಲತಕ್ಕದ್ದು.

ನನ್ನ ನಾದಿನಿ ವರ್ನಾಗೆ ತಮ್ಮ ಮೇಲೆ ಇಷ್ಟು ಗೌರವವಿಲ್ಲ. "ಪ್ಲಗ್ ಕಿತ್ತು ಬಿಸಾಕು, ಡೋರೀ. ನಮ್ಮಣ್ಣ ಬದುಕಿದ್ದಾಗ್ಲೇ ಇಷ್ಟೊಂದು ದುಡೀಲಿಲ್ಲ," ಎನ್ನುತ್ತಾಳೆ.

ಪ್ಲಗ್ ಕೂಡ ಬೇಡ. "ಇವನಿಗೇನಾದ್ರೂ ಹುಚ್ಚು ಹಿಡಿದ್ರೆ ಪರದೇಲಿ ಮೇಲಿನ ಎಡಮೂಲೆಗೆ ತಳ್ಳು, ಸುಮ್ಮನಾಗ್ತಾನೆ," ಎಂದು ಕ್ಲೆಮ್ ಹೇಳಿಕೊಟ್ಟಿದ್ದರು. ತಳ್ಳಲು ಹಲವು ಸಲ ಕುಳಿತಿದ್ದೇನೆ. ತಾವು ನನ್ನ ಕೈಯಿಂದ ಜಾರಿ, ಅವರು ಹೇಳಿದಲ್ಲಿಗೇ ಹೋಗಿ ನಿಲ್ಲುತ್ತೀರಿ, ನಾನು ಎದ್ದುಬರುತ್ತೇನೆ. ಈ ಮನೆಯಲ್ಲಿ ನಾನು ಮುಟ್ಟದೆ ಅಲುಗಾಡುವುದು ಈಗ ತಾವೊಬ್ಬರೇ.

ಆದ್ದರಿಂದ ಕೆಲವು ವಿನಂತಿಗಳು. ತಾವು ಸ್ವಇಚ್ಛೆಯಿಂದ ರಾಜೀನಾಮೆ ಕೊಡಬೇಕು. ಅದಾಗದಿದ್ದರೆ ಸಿಡ್ನಿಗೆ ಹೋಗಿ, ಕುರ್ಚಿಯಲ್ಲಿ ಯಾರೂ ಇಲ್ಲವೆಂದು ಸಾಕ್ಷಿ ಹೇಳಿಬರಬೇಕು. ಅದೂ ಆಗದಿದ್ದರೆ, ಹೇಗೂ ನನ್ನ ಗಂಡನ ಜಾಗದಲ್ಲಿದ್ದೀರಿ, ಬುಧವಾರ ಕಸದ ತೊಟ್ಟಿಯನ್ನು ರಸ್ತೆಗೆ ಎಳೆದಿಡಬೇಕು, ಆಗೊಮ್ಮೆ ಈಗೊಮ್ಮೆ ಕೆಮ್ಮಬೇಕು. ಇವು ಯಾವುವೂ ತಮ್ಮಿಂದ ಆಗದಿದ್ದಲ್ಲಿ, ನಾಳೆ ತಾವು ಕೆಲಸಕ್ಕೆ ಕೂತ ಕೂಡಲೇ ನಾನೇ ಬಂದು ತಮ್ಮನ್ನು ಮೂಲೆಯವರೆಗೆ ಕಳುಹಿಸಿಕೊಡುತ್ತೇನೆ. ದಾರಿಯಲ್ಲಿ ನನ್ನ ಕೈ ಎಳೆಯಬಾರದಾಗಿ ಕೋರುತ್ತೇನೆ.

ಮಧ್ಯಾಹ್ನಗಳಿಗಾಗಿ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಡೋರೀನ್ ಟ್ರೆವಾಸ್ಕಿಸ್

ತಾ.ಕ.: ಮರುದಿನ ಬೆಳಿಗ್ಗೆ ತಾವು ಹಟ ಮಾಡದೆ ಮೂಲೆಗೆ ಹೋದಿರಿ, ಸಂತೋಷ. ಚುಕ್ಕೆ ಹಳದಿಯಾಗುತ್ತಿದ್ದಂತೆ ಯಂತ್ರ, "ಕ್ಲೆಮ್, ನೀವು ಇದ್ದೀರಾ?" ಎಂದು ಪರದೆಯ ಮೇಲೆ ಕೇಳಿತು. ತಮ್ಮನ್ನು ಹಿಡಿದುಕೊಂಡು 'ಇಲ್ಲ' ಎಂಬುದನ್ನು ಒತ್ತಿದೆ, ಇಟ್ಟಲ್ಲೇ ನಿಂತಿರಿ. ಕಾರಣ ಆರಿಸಲು ಹೇಳಿತು: ಊಟ, ಶೌಚ, ತರಬೇತಿ, ಸಭೆ. ಬೇರೆ ಕಾರಣಕ್ಕೆ ಆ ಕಂಪನಿಯಲ್ಲಿ ಯಾರೂ ಏಳುವುದಿಲ್ಲವಂತೆ. 'ಸಭೆ' ಒತ್ತಿದ್ದೇನೆ. ಟ್ರಿಸ್ಟನ್ ಅವರ ಫೋನು ಮತ್ತೆ ಬಂದಿಲ್ಲ. ಸಭೆ ಯಾವಾಗ ಮುಗಿಯುತ್ತದೆಂದು ಅಲ್ಲಿ ಯಾರೂ ಯಾರನ್ನೂ ಕೇಳುವ ಪದ್ಧತಿಯಿಲ್ಲ.