ಬಸ್ಸಿನ ಭಾವ, ವಿಮಾನದ ಪಾಠ

ನಮ್ಮ ಭಾವನಿಗೆ ವಿಮಾನದ ಬಗ್ಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಅದರ ಒಳಗೆ ಹೇಗಿರುತ್ತದೆ ಎನ್ನುವುದೊಂದನ್ನು ಬಿಟ್ಟು!

ಕುಂದಾಪುರ–ಬೈಂದೂರು ನಡುವೆ ಬಸ್ಸು ಓಡಿಸುವ ಮನುಷ್ಯ, ಐವತ್ತು ದಾಟಿದ ಮೇಲೆ ಖಾಸಗಿ ಪೈಲಟ್ ಪರೀಕ್ಷೆಗೆ ಓದಲು ಕೂತರೆ ಏನೆನ್ನುವುದು? ಹಾರುವುದು ಆಮೇಲಿನ ಮಾತಂತೆ. ಮೊದಲು ಗಾಳಿ, ಮೋಡ, ದಿಕ್ಕು, ನಿಯಮ, ಯಂತ್ರ ಎಲ್ಲವನ್ನೂ ಓದಿ ಪಾಸಾಗಬೇಕು. ದಪ್ಪ ಪುಸ್ತಕವೊಂದು ಸ್ಟೇರಿಂಗ್ ಪಕ್ಕದಲ್ಲೇ ಬಂದು ಕೂತಿತು.

ಕಷ್ಟಕ್ಕೆ ಸಿಕ್ಕಿದ್ದು ಪಾಪ, ಪ್ರಯಾಣಿಕರು! ಹೊರಡುವ ಮೊದಲು ವಿಮಾನವನ್ನು ಸುತ್ತು ಹಾಕಿ ಪರೀಕ್ಷಿಸಬೇಕೆಂದು ಪುಸ್ತಕ ಹೇಳಿದ್ದೇ ತಡ, ಭಾವ ಬಸ್ಸಿಗೆ ಪ್ರದಕ್ಷಿಣೆ ಶುರು ಮಾಡಿದರು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಕೂಗಿದ: "ಹ್ವಾಯ್, ಎಂತ ರೆಕ್ಕೆ ಹುಡ್ಕುದಾ? ಹಿಂದಿನ ಬಸ್ ಮುಂದ್ ಹೋಯ್ತ್ ಮಾರಾಯ್ರೆ!"

ಇನ್ನೊಂದು ದಿನ ಮೀನಿನ ಬುಟ್ಟಿಯೊಂದಿಗೆ ಹಿಂದಿನ ಸೀಟಿನಲ್ಲಿ ಕೂತ ಹೆಂಗಸನ್ನು, ಭಾರ ಸಮ ಆಗಬೇಕೆಂದು ಮುಂದೆ ಕರೆದರು. ಆಕೆ ಬಿಡುತ್ತಾಳೆಯೇ? "ನಾ ಹೋಪ್ದ್ ಉಪ್ಪುಂದಕ್ಕೆ, ಆಕಾಶಕ್ಕಲ್ಲ!"

ಪರೀಕ್ಷೆ ಬರೆದರು, ಫೇಲಾದರು. ಯಾವುದರಲ್ಲಿ ಗೊತ್ತೇ? ಹವಾಮಾನದಲ್ಲಿ! ಹುಟ್ಟಿದಂದಿನಿಂದ ಕಡಲ ಗಾಳಿ ಕುಡಿದ ಮನುಷ್ಯ! "ಪುಸ್ತಕದ್ ಮೋಡಕ್ಕೂ ನಮ್ ಮರವಂತೆ ಮೋಡಕ್ಕೂ ಸಂಬಂಧವೇ ಇಲ್ಲ" ಎಂದು ಗೊಣಗಿದರು. ಮತ್ತೆ ಓದಿದರು. ಎರಡನೆಯ ಸಲ ಪಾಸಾಗಿ ಇಡೀ ಬಸ್ಸಿಗೆ ಲಾಡು ಹಂಚಿದರು.

ಅದಾಗಿ ತಿಂಗಳಾಗಿರಲಿಲ್ಲ, ಮುಂಬೈಯಿಂದ ಭಾವನ ಅಳಿಯನ ಫೋನು. ಬಸುರಿ ಮಗಳಿಗೆ ದಿನ ತುಂಬುವ ಮೊದಲೇ ನೋವು ಬಂದಿದೆ, ಡಾಕ್ಟರ್ ಆತಂಕದಲ್ಲಿದ್ದಾರೆ. ರೈಲು ತಲುಪುವುದು ಮರುದಿನ. ಏಣಿ ಹತ್ತಿದರೂ ತಲೆ ತಿರುಗುವ ನನ್ನ ಅಕ್ಕ, "ವಿಮಾನಕ್ಕೇ ಹೋಪ" ಎಂದಳು.

ಮಂಗಳೂರಿನಲ್ಲಿ ನಾವು ಮೂವರೂ ವಿಮಾನ ಹತ್ತಿದೆವು. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಕೆಳಗಿನಿಂದ 'ಧಡ್' ಎಂದಿತು. ಅಕ್ಕ ಭಾವನ ಕೈ ಹಿಡಿದುಕೊಂಡಳು.

"ಹೆದ್ರಬೇಡ, ಚಕ್ರ ಒಳಗ್ ಹೋದ್ದ್."

ವಿಮಾನ ಅಲುಗಾಡಿತು.

"ಅದ್ ಮೋಡ. ಒಳಗ್ ಗಾಳಿ ಮೇಲೆ ಕೆಳಗೆ ಆತಾ ಇತ್ತ್, ಅಷ್ಟೇ."

ಭಾವನ ದನಿಯೂ ನಡುಗುತ್ತಿತ್ತು. ಗೊತ್ತಿದ್ದದ್ದೆಲ್ಲ ಹೇಳಿ ಮುಗಿಯಿತು. ಅಕ್ಕ ಕಣ್ಣು ಮುಚ್ಚಿಕೊಂಡೇ, "ನಿಲ್ಸ್ಬೇಡಿ, ಹೇಳ್ತಾ ಇರಿ" ಎಂದಳು. ಭಾವ ಮೊದಲ ಅಧ್ಯಾಯದಿಂದ ಮತ್ತೆ ಆರಂಭಿಸಿದರು.

ಮುಂಬೈಯಲ್ಲಿ ವಿಮಾನ ನೆಲ ಮುಟ್ಟಿದ ಮೇಲೆ ಫೋನ್ ತೆರೆದರೆ ಅಳಿಯನ ಸುದ್ದಿ ಕಾದಿತ್ತು: ಹೆಣ್ಣು ಮಗು, ತಾಯಿ ಮಗು ಕ್ಷೇಮ. ಸುತ್ತ ಎಲ್ಲರೂ ಎದ್ದು ಚೀಲ ಇಳಿಸುತ್ತಿದ್ದರು. ಭಾವ ಮಾತ್ರ ಕೂತಲ್ಲೇ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅಕ್ಕ ಸೆರಗಿನಿಂದ ಅವರ ಮುಖ ಒರೆಸುತ್ತಾ ಮೆಲ್ಲಗೆ ಕೇಳಿದಳು:

"ಸಾಕ್, ಅಳ್ಬೇಡಿ. ಈ ಬೆಲ್ಟ್ ಬಿಚ್ಚುದ್ ಹ್ಯಾಂಗೆ, ಅದೊಂದ್ ಹೇಳಿ ಕಾಂಬ."