ಟಿಕೇಟಿಗೆ ಬೇಕಾದ ಗಂಡಸು

ದರ್ಜಿ ಅಕ್ಕನಿಗೆ ಗಂಡ ಇರಲಿಲ್ಲ. ಒಂದು ಕಾಲು ಹೊಲಿಗೆ ಯಂತ್ರದ ಮೇಲೆ, ಇನ್ನೊಂದು ಪಕ್ಷದ ಕಚೇರಿಯಲ್ಲಿ ಇಟ್ಟವಳಿಗೆ ಸಂಸಾರದಲ್ಲಿಡಲು ಮೂರನೇ ಕಾಲು ಇರಲಿಲ್ಲ, ಅಷ್ಟೆ. ಪಕ್ಷದ ಬಾವುಟ ಹೊಲಿದವಳು ಅವಳು, ಬಿಸಿಲಲ್ಲಿ ಮನೆಮನೆ ಬಾಗಿಲು ತಟ್ಟಿದವಳು ಅವಳು. ನಲ್ಲಿ ಒಣಗಿದಾಗ ಬೀದಿಯ ಹೆಂಗಸರನ್ನೆಲ್ಲ ಕರೆದೊಯ್ದು ಅಧಿಕಾರಿಯ ಮೆಟ್ಟಿಲ ಮೇಲೆ ಕೂರಿಸಿ ನೀರು ಬಿಡಿಸಿದವಳೂ ಅವಳೇ.

ಈ ಸಲ ಎದುರು ಪಕ್ಷ ಸಂಸತ್ತಿಗೆ ಹೆಂಗಸನ್ನು ನಿಲ್ಲಿಸಿತು. ಹಾಗಾಗಿ ಇವರಿಗೂ ಒಬ್ಬಳು ಬೇಕಾದಳು. ಮಧ್ಯಾಹ್ನ ಆಯ್ಕೆ ಸಮಿತಿಯ ಮುಂದೆ ಬರಬೇಕೆಂದು ಬೆಳಿಗ್ಗೆ ಅಕ್ಕನಿಗೆ ಫೋನು ಬಂತು.

ಸುದ್ದಿ ಕೇಳಿ ಮೊದಲು ಓಡಿಬಂದವನು ಎದುರಂಗಡಿಯ ಕ್ಷೌರದವನು. ಪಕ್ಷದ ಅಧ್ಯಕ್ಷರ ಗಡ್ಡ ಕೆರೆಯುವವನು ಅವನೇ ಆದ್ದರಿಂದ ಪಕ್ಷದ ಒಳಗುಟ್ಟೆಲ್ಲ ತನಗೆ ಗೊತ್ತೆಂದು ಅವನ ನಂಬಿಕೆ.

"ಅಕ್ಕಾ, ನೀವೇನು ಮಾಡಿದೀರ ಅಂತ ಅಲ್ಲಿ ಯಾರೂ ಕೇಳಲ್ಲ," ಎಂದ. "ಹಿಂದೆ ಯಾವ ಗಂಡಸು ನಿಂತಿದಾನೆ ಅಂತ ನೋಡ್ತಾರೆ. ಹೋದ ಸಲ ನಿಂತಿದ್ದ ಅಮ್ಮನ ಪೋಸ್ಟರು ನೆನಪಿದೆಯಾ? ಗಂಡನ ಮುಖ ಕುಂಬಳಕಾಯಷ್ಟು, ಅಮ್ಮನದು ನಿಂಬೆಹಣ್ಣಷ್ಟು."

ಅಕ್ಕನಿಗೆ ಸಿಟ್ಟು ಬಂತು. ಆದರೆ ಮಾತು ಸುಳ್ಳಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಗಂಡಸೆಂದರೆ ಮೂಲೆಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದ ತಮ್ಮ. ಊಟಕ್ಕೆ ಕರೆದರೆ ಮಾತ್ರ ಚುರುಕಾಗುವ ಜೀವ. ಕ್ಷೌರದವನು ಅವನ ಗಡ್ಡ ಬೋಳಿಸಿದ. ಬ್ಯಾಂಕ್ ಮ್ಯಾನೇಜರರು ಹೊಲಿಯಲು ಕೊಟ್ಟಿದ್ದ ಕೋಟನ್ನು ಅಕ್ಕ ತೊಡಿಸಿದಳು. ಅದರ ಬಲತೋಳಿಗೆ ಬಿದ್ದಿದ್ದುದು ಬರೀ ಕಚ್ಚಾ ಹೊಲಿಗೆ.

"ಕೈ ಎತ್ತಿದರೆ ತೋಳು ಕೈಗೆ ಬರತ್ತೆ. ಬಾಯಿ ಬಿಟ್ಟರೆ ನಾನು ಬರ್ತೀನಿ. ಸುಮ್ಮನೆ ಕೂತಿರು," ಎಂದು ಎಚ್ಚರಿಸಿದಳು.

ಸಮಿತಿಯಲ್ಲಿ ಮೂವರಿದ್ದರು: ಅಧ್ಯಕ್ಷರು, ಖಜಾಂಚಿ, ಮತ್ತು ನಿದ್ದೆ ಮಾಡುತ್ತಿದ್ದ ಹಿರಿಯರೊಬ್ಬರು. ತಮ್ಮನಿಗೆ ಕುರ್ಚಿ ಕೊಟ್ಟರು. ಅಕ್ಕನಿಗೆ ಅವನ ಬೆನ್ನ ಹಿಂದೆ ಒಂದು ಸ್ಟೂಲು ಸಿಕ್ಕಿತು.

ಕ್ಷೇತ್ರದಲ್ಲಿ ಏನು ಕೆಲಸ ಆಗಿದೆ ಎಂದು ಅಧ್ಯಕ್ಷರು ತಮ್ಮನನ್ನು ಕೇಳಿದರು. ಅಕ್ಕ ಉತ್ತರ ಕೊಟ್ಟಳು. ಖಜಾಂಚಿ ಕಿವಿಯಲ್ಲಿ ಬೆರಳಾಡಿಸುತ್ತ ಕಿಟಕಿ ನೋಡಿದರು. ಕೊನೆಗೆ ಬೇಸತ್ತು ಅಕ್ಕ ತಮ್ಮನ ಬೆನ್ನಿಗೆ ತಿವಿದು, ಮಾತನ್ನು ಅವನ ಕಿವಿಗೆ ಉಸುರತೊಡಗಿದಳು. ಅವನು ಅದನ್ನೇ ರೇಡಿಯೋದಂತೆ ಗಟ್ಟಿಯಾಗಿ ಹೇಳಿದ. ನೀರು ಬಿಡಿಸಿದ್ದು ನಾವು ಎಂದ. ಆಸ್ಪತ್ರೆಗೆ ಹೆರಿಗೆ ಡಾಕ್ಟರು ಬೇಕು ಎಂದ. ಖಜಾಂಚಿಯ ಬೆರಳು ಕಿವಿಯಿಂದ ಹೊರಗೆ ಬಂತು. ಹಿರಿಯರು ಕಣ್ಣುಬಿಟ್ಟರು.

ತೋಳಿನ ಭಯಕ್ಕೆ ಬಲಗೈಯನ್ನು ಮೈಗಂಟಿಸಿಕೊಂಡೇ ಕೂತಿದ್ದ ತಮ್ಮ.

"ಏನು ಗಾಂಭೀರ್ಯ ನೋಡ್ರಿ," ಎಂದರು ಅಧ್ಯಕ್ಷರು. "ನಮ್ಮವರು ಕೈ ಬೀಸಿ ಬೀಸಿ ಮೈಕು ಬೀಳಿಸ್ತಾರೆ." ಆಮೇಲೆ ತಮ್ಮನ ಕಡೆ ಬಾಗಿ, "ನಿಮಗೆ ಮದುವೆ ಆಗಿದೆಯಾ?" ಎಂದರು.

"ಆಗಿದೆ ಸಾರ್," ಎಂದ ತಮ್ಮ. ಅಕ್ಕ ಹೇಳಿಕೊಡದೆ ಅವನು ಕೊಟ್ಟ ಉತ್ತರ ಅದೊಂದೇ.

ಅವರನ್ನು ಹೊರಗೆ ಕಳಿಸಿ, ಒಂದು ಚಹಾ ಕುಡಿಯುವಷ್ಟರಲ್ಲಿ ಮತ್ತೆ ಕರೆದರು. ಟಿಕೇಟು ನಿಮ್ಮ ಮನೆಗೇ ಎಂದರು ಅಧ್ಯಕ್ಷರು. ಅಕ್ಕನ ಕಣ್ಣು ತುಂಬಿತು. ಕೈಮುಗಿಯಲು ಎದ್ದು ನಿಂತಳು.

"ನಿಮ್ಮ ತಮ್ಮನ ಹೆಂಡತಿ ನಿಲ್ಲಲಿ," ಎಂದು ಅವರು ಮಾತು ಮುಗಿಸಿದರು.

ಮುಗಿಯಲು ಎತ್ತಿದ ಕೈ ಎಲ್ಲಿಡಬೇಕೆಂದು ಅಕ್ಕನಿಗೆ ತೋಚಲಿಲ್ಲ. ತಮ್ಮನ ಹೆಂಡತಿ ಬೇಕರಿಯಲ್ಲಿ ಬ್ರೆಡ್ಡು ಕತ್ತರಿಸುವವಳು, ಒಂದು ಸಭೆಗೂ ಬಂದವಳಲ್ಲ, ಪ್ರತಿ ಸಲ ಎದುರು ಪಕ್ಷಕ್ಕೇ ಓಟು ಹಾಕಿದವಳು ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

"ಅದಕ್ಕೇನು, ಇವರು ತಿಳಿಸಿ ಹೇಳ್ತಾರೆ," ಎಂದರು ಅಧ್ಯಕ್ಷರು ತಮ್ಮನನ್ನು ತೋರಿಸಿ.

"ಮತ್ತೆ ನಾನು?"

ಅಧ್ಯಕ್ಷರು ಕೆಟ್ಟವರಲ್ಲ. ನಿಜವನ್ನೇ ಹೇಳಿದರು. "ನೋಡಮ್ಮಾ, ನೀವು ಗೆದ್ದರೆ ನಿಮ್ಮ ಹತ್ತಿರಾನೇ ಮಾತಾಡಬೇಕಾಗತ್ತೆ. ಅದು ಕಷ್ಟ. ಪ್ರಚಾರಕ್ಕೆ ಮಾತ್ರ ನಿಮ್ಮನ್ನ ಬಿಟ್ಟರೆ ನಮಗ್ಯಾರಿದಾರೆ ಹೇಳಿ."

ಆಮೇಲೆ ಸಂತೋಷ ತಡೆಯಲಾರದೆ ತಮ್ಮನನ್ನು ಬಾಚಿ ತಬ್ಬಿಕೊಂಡರು. ಪರ್ರೆಂದು ತೋಳು ಕಿತ್ತು ಅವರ ಕೈಯಲ್ಲೇ ಉಳಿಯಿತು.

ಸಂಜೆ ಬೇಕರಿಯಿಂದ ಬಂದ ತಮ್ಮನ ಹೆಂಡತಿ ವಿಷಯ ಕೇಳಿ ಬಾಗಿಲಲ್ಲೇ ಕುಸಿದು ಕೂತಳು. ತನ್ನನ್ನು ಒಂದು ಮಾತು ಕೇಳಬೇಡವೇ ಎಂದು ಅತ್ತಳು. ಕ್ಷೌರದವನು ಪೋಸ್ಟರಿನ ಅಳತೆ ಆಗಲೇ ಶುರುಮಾಡಿದ್ದ: ತಮ್ಮನದು ಕುಂಬಳಕಾಯಿ, ಹೆಂಡತಿಯದು ನಿಂಬೆಹಣ್ಣು. ಅಕ್ಕನ ಮುಖಕ್ಕೆ ಜಾಗ ಉಳಿಯಲಿಲ್ಲ. ತಮ್ಮ, ಇನ್ನು ಗುಂಡಿ ಹಚ್ಚುತ್ತ ಕೂತರೆ ಜನ ಏನಂದುಕೊಂಡಾರು ಎಂದು ಸೂಜಿ ಕೆಳಗಿಟ್ಟ.

"ಅಕ್ಕಾ, ಭಾಷಣ ನೀವೇ ಹೇಳಿಕೊಡಿ. ನಂಗೆ ಒಂದಕ್ಷರ ಬರಲ್ಲ," ಎಂದಳು ಹೆಂಡತಿ, ಕಣ್ಣೊರೆಸಿಕೊಂಡು.

ಅಕ್ಕ ಅಳತೆಪಟ್ಟಿ ತೆಗೆದು ಅವಳ ಭುಜದ ಅಳತೆ ತೆಗೆದುಕೊಂಡಳು. ವೇದಿಕೆಯ ಮೇಲೆ ನಿಲ್ಲುವವಳಿಗೆ ಒಂದು ಒಳ್ಳೆಯ ಬಟ್ಟೆಯಾದರೂ ಬೇಕಲ್ಲ.

ಆ ದಿನ ಅಕ್ಕ ಕಳೆದುಕೊಂಡದ್ದು ಒಂದು ಟಿಕೇಟು, ಒಂದು ಕೋಟಿನ ತೋಳು, ಗುಂಡಿ ಹಚ್ಚುವ ಒಬ್ಬ ಆಳು.