ಸೀಟಿ ಯಾರ ಕೊರಳಲ್ಲಿ?

ನನ್ನ ಹೆಂಡತಿಯನ್ನು ಹೊಲಿಗೆ ಯಂತ್ರದ ಮುಂದೆ ಒಂದು ಗಂಟೆ ಕೂರಿಸಿದವರಿಗೆ ನನ್ನ ಸಕಲ ಆಸ್ತಿಯನ್ನೂ (ಒಂದು ಸೈಕಲ್ಲು, ಒಂದು ಛತ್ರಿ) ಬರೆದುಕೊಡಲು ಸಿದ್ಧನಿದ್ದೆ. ಅವಳ ಕೈಕೆಲಸಕ್ಕೆ ಸಾಟಿಯಿಲ್ಲ. ಆದರೆ ತೋಳು ಹೊಲಿಯುತ್ತಾ ದಾರ ಹುಡುಕಲು ಎದ್ದವಳು ಗುಂಡಿಗಳನ್ನೆಲ್ಲ ಬಣ್ಣ ನೋಡಿ ಜೋಡಿಸಿ, ಕಿಟಕಿ ಒರೆಸಿ, ಪಕ್ಕದ ಮನೆ ಬೆಕ್ಕಿಗೆ ಅಂಗಿಯ ಅಳತೆ ತೆಗೆಯುತ್ತಿದ್ದಳು!

ಕಳೆದ ತಿಂಗಳು ಡಾಕ್ಟರು ಇದಕ್ಕೆ ಎಡಿಎಚ್‌ಡಿ, ಅಂದರೆ ಗಮನ ಒಂದೇ ಕಡೆ ನಿಲ್ಲದ ಸಮಸ್ಯೆ, ಅಂದರು. "ಹಾಗಾದ್ರೆ ನಾನು ಸೋಮಾರಿ ಅಲ್ವಾ?" ಎಂದು ಅವಳು ಅತ್ತೇಬಿಟ್ಟಳು. ಇಪ್ಪತ್ತು ವರ್ಷ ಹಾಗೆ ಬೈದವನು ನಾನೇ. ತುಂಬಾ ನಾಚಿಕೆಯಾಯಿತು.

ಮಾತ್ರೆಯ ಜೊತೆಗೆ ಡಾಕ್ಟರು ಇನ್ನೊಂದು ಮಾತು ಹೇಳಿದರು: "ಕೆಲಸಕ್ಕೆ ಕೂರೋ ಮುಂಚೆ ಇಪ್ಪತ್ತು ನಿಮಿಷ ಏದುಸಿರು ಬರೋ ಹಾಗೆ ವ್ಯಾಯಾಮ ಮಾಡಿ. ಆಮೇಲೆ ಸ್ವಲ್ಪ ಹೊತ್ತು ಮನಸ್ಸು ಒಂದು ಕಡೆ ನಿಲ್ಲೋಕೆ ಸಹಾಯವಾಗುತ್ತೆ."

ಅಷ್ಟೇ ಸಾಕಾಯಿತು! ಗ್ರಂಥಾಲಯದ ಗುಮಾಸ್ತನೂ ಶಿಸ್ತಿನ ಸಾಕ್ಷಾತ್ ಅವತಾರವೂ ಆದ ನಾನು ಸ್ಕಿಪ್ಪಿಂಗ್ ಹಗ್ಗ ತಂದೆ, ಸೀಟಿಯನ್ನೂ ತಂದೆ. (ಸೀಟಿಯ ವಿಷಯ ಡಾಕ್ಟರು ಹೇಳಿರಲಿಲ್ಲ.)

ಮೂರು ಬೀದಿ ಆಚೆಯ ನರ್ಸ್ ಒಬ್ಬರು ಹೆಂಡತಿಯ ಬಳಿ ಕೋಟು ಹೊಲಿಯಲು ಕೊಟ್ಟಿದ್ದರು; ಅಂದೇ ನಾಲ್ಕಕ್ಕೆ ಅವರಿಗೆ ಕೆಲಸದ ಸಂದರ್ಶನ. ಮೂರೂವರೆಗೆ ಕೋಟು ಬೇಕು.

"ಇದನ್ನೂ ಹೊತ್ತಿಗೆ ಸರಿಯಾಗಿ ಕೊಡದಿದ್ರೆ ಹೊಲಿಗೆ ಅಂಗಡಿ ಮುಚ್ಚಿಬಿಡ್ತೀನಿ ರೀ," ಎಂದಳು ಹೆಂಡತಿ. ಅದು ತಮಾಷೆಯ ಮಾತಾಗಿರಲಿಲ್ಲ.

"ಪೀ...! ಹಾರು! ಇನ್ನೂ ಜೋರಾಗಿ!"

"ಅಯ್ಯೋ, ಕಿವಿ ತೂತಾಯ್ತು! ನೀವೂ ಹಾರಿ ನೋಡೋಣ!"

"ತರಬೇತುದಾರರು ಹಾರಲ್ಲ ಕಣೇ."

ಇಪ್ಪತ್ತು ನಿಮಿಷ ಹಾರಿ, ಬೆವರು ಒರೆಸಿಕೊಂಡು ಕೂತಳು ನೋಡಿ! ಟಕಟಕಟಕ! ತೋಳು ಕೂತಿತು, ಕಾಲರ್ ಕೂತಿತು. ಒಮ್ಮೆ ಎದ್ದಳು. ನಾನು ಸೀಟಿ ಬಾಯಿಗಿಟ್ಟೆ. ನೀರು ಕುಡಿದು ಮತ್ತೆ ಕೂತಳು! ಮೂರಕ್ಕೆ ಕೋಟು ಮುಗಿದೇಹೋಯಿತು. ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನಾನೇ ಕೊಟ್ಟು ಬರ್ತೀನಿ!"

"ರೀ, ಇಸ್ತ್ರಿ ಹಾಕ್ತೀನಿ, ಒಂದ್ನಿಮಿಷ..."

ಕೇಳುವವರಾರು? ಬಾಗಿಲ ಬಳಿಯ ಚೀಲ ಹಿಡಿದು ಓಡಿದೆ. ದಾರಿಯಲ್ಲಿ ಕ್ಷೌರಿಕನಿಗೆ ಈ ವಿಜಯಗಾಥೆಯನ್ನು ಹೇಳಿದೆ, ಹಾರಿಯೂ ತೋರಿಸಿದೆ. ಗಡಿಯಾರ ನೋಡಿದರೆ ಮೂರು ಇಪ್ಪತ್ತೈದು! ಬಿದ್ದೆನೋ ಕೆಟ್ಟೆನೋ ಎಂದು ಓಡಿ, ನರ್ಸ್ ಮನೆಯ ಮೆಟ್ಟಿಲ ಮೇಲೆ ಕುಸಿದು ಚೀಲ ಚಾಚಿದೆ.

"ತಗೊಳ್ಳಮ್ಮಾ... ನಿಮ್ಮ... ಕೋಟು!"

ಆಕೆ ಚೀಲದೊಳಗಿಂದ ಸ್ಕಿಪ್ಪಿಂಗ್ ಹಗ್ಗ ಎತ್ತಿದರು.

ನನ್ನ ಉಸಿರು ತಿರುಗುವಷ್ಟರಲ್ಲಿ ಹೆಂಡತಿ ಓಡಿ ಬಂದಳು. ತೋಳ ಮೇಲೆ ಇಸ್ತ್ರಿ ಮಾಡಿದ ಕೋಟು. ನರ್ಸ್ ತೊಟ್ಟು ನೋಡಿದರೆ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಇತ್ತು! ಹೆಂಡತಿ ನನ್ನನ್ನೊಮ್ಮೆ ನೋಡಿದಳು, ಹಗ್ಗವನ್ನೊಮ್ಮೆ ನೋಡಿದಳು. ನನ್ನ ಕೊರಳಿನ ಸೀಟಿ ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಂಡಳು.

ಅಂಗಡಿ ಈಗ ಚೆನ್ನಾಗಿ ನಡೆಯುತ್ತಿದೆ. ಇಷ್ಟು ಬರೆಯಲು ಕೂರುವ ಮುಂಚೆ ನನ್ನನ್ನೂ ಇಪ್ಪತ್ತು ನಿಮಿಷ ಹಾರಿಸಿದ್ದಾಳೆ.